ಉಳಿದವರನ್ನು ಕೇಳಬೇಕು

೧೪ ಜನವರಿ ೧೯೮೭, ಬುಧವಾರ
ತರೀಕೆರೆ

ಸಂಕ್ರಾಂತಿ. ಸಾವಾಗಿ ವರ್ಷ ತುಂಬದ ಮನೆಯಲ್ಲಿ ಹಬ್ಬವಿಲ್ಲ. ಎದುರು ಮನೆಯಾಕೆ ಎಳ್ಳುಬೆಲ್ಲ ಹಿಡಿದು ಬಾಗಿಲವರೆಗೆ ಬಂದವರು, ಆಮೇಲೆ ನೆನಪಾಗಿ, ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದರು. ಅವರ ಮುಜುಗರ ನೋಡಿ ನನಗೇ ಪಾಪ ಎನ್ನಿಸಿತು. ಎಳ್ಳಿನ ವಾಸನೆ ಮಾತ್ರ ಜಗುಲಿಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು.

ನನ್ನ ಹೆಂಡತಿ ಶಂಕರಿ ತೀರಿಕೊಂಡದ್ದು ಹೋದ ವರ್ಷ, ಯುಗಾದಿ ಕಳೆದ ವಾರದಲ್ಲಿ. ಮಗಳ ಆರೈಕೆಗೆಂದು ಅಜ್ಜಂಪುರದಿಂದ ಬಂದ ನನ್ನ ಅತ್ತೆ ಈಶ್ವರಮ್ಮನವರು ಇಲ್ಲೇ ಉಳಿದಿದ್ದಾರೆ. ಆರೈಕೆ ಮಾಡಿಸಿಕೊಳ್ಳುವವಳು ಇಲ್ಲ, ಮಾಡುವವರು ಇದ್ದಾರೆ. ಮಕ್ಕಳಿಲ್ಲದ ಮನೆ. ಈಗ ನಾವು ಒಟ್ಟು ಮೂವರು: ಅತ್ತೆ, ನಾನು, ನಡುಮನೆಯ ಕಂಬ.

ಕಂಬವನ್ನು ಸುಮ್ಮನೆ ಲೆಕ್ಕಕ್ಕೆ ಹಿಡಿದಿಲ್ಲ. ಅತ್ತೆಯವರ ಕಡೆ ಅಳಿಯನ ಎದುರು ಅತ್ತೆ ಕೂರುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಶಂಕರಿ ಇರುವಷ್ಟು ಕಾಲ ನಡುವೆ ನಿಂತು ಮಾತು ಸಾಗಿಸಿದಳು. ಈಗ ಆ ಉದ್ಯೋಗ ಕಂಬದ್ದು. ಅಡುಗೆಮನೆಯ ಬಾಗಿಲ ಮರೆಯಿಂದ ದನಿ ಬರುತ್ತದೆ:

"ಕಂಬಣ್ಣಾ, ಅಳಿಯಂದಿರಿಗೆ ರೊಟ್ಟಿ ಆಗೈತೆ ಅಂತ ಹೇಳಪ್ಪಾ."

"ಹಸಿವಿಲ್ಲ ಅಂತ ಹೇಳು ಕಂಬಣ್ಣ."

"ಹಸಿವಿಲ್ದೋರು ಒಲೆ ಕಡೆ ಯಾಕೆ ಮೂಗು ಅರಳಿಸ್ತಾರಂತೆ, ಕೇಳು."

ಕಂಬ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಸರ್ಕಾರಿ ಕೆಲಸಕ್ಕೆ ತಕ್ಕವನು.

ಮಧ್ಯಾಹ್ನ ಕಡೂರಿನಿಂದ ತೀರ್ಥಪ್ಪ ಬಂದಿದ್ದ. ಅತ್ತೆಯ ಅಣ್ಣನ ಮಗ, ಕೊಬ್ಬರಿ ವ್ಯಾಪಾರಿ. ವರ್ಷದ ಕಾರ್ಯ ಮುಗಿದ ದಿನವೇ ಸೋದರತ್ತೆಯನ್ನು ಕರೆದುಕೊಂಡು ಹೋಗುತ್ತಾನಂತೆ. "ಮಗಳಿಲ್ದ ಮೇಲೆ ಅಳಿಯನ ಮನೇಲಿ ಕೂತಿದ್ರೆ ಚೆನ್ನಾಗಿರಲ್ಲ ಭಾವ" ಎಂದ. ಸರಿಯಾದ ಮಾತು. ಒಪ್ಪಿದೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕಂಬವನ್ನು ಕೇಳುವ ಬಾಳು ಯಾರಿಗೆ ಬೇಕು?

೨೨ ಜನವರಿ, ಗುರುವಾರ

ನಮ್ಮ ನೀರಾವರಿ ಕಚೇರಿಗೆ ಕಂಪ್ಯೂಟರ್ ಬರುತ್ತದೆ ಎಂದು ಧೂಳು ಹೊಡೆಸಿ ಕಾದಿದ್ದೆವು. ಬಂದದ್ದು ರಾಮಸ್ವಾಮಿ. ಯಂತ್ರ ಶಿವಮೊಗ್ಗದ ತಂಪು ಕೋಣೆಯಲ್ಲೇ ಇರುತ್ತದಂತೆ, ಬಿಸಿಲಲ್ಲಿ ಅಲೆಯುವುದು ಅದನ್ನು ನಡೆಸಲು ಕಲಿತ ಈ ಸಣಕಲು ಮನುಷ್ಯನ ಪಾಲು. ಯಾವ ನಾಲೆಯಲ್ಲಿ ಯಾರ ಗದ್ದೆಗೆ ಯಾವತ್ತು ನೀರು, ತೂಬು ಎತ್ತುವವರು ಯಾರು, ಮೇಲ್ವಿಚಾರಣೆ ಯಾರದು, ಎಲ್ಲವನ್ನೂ ಯಂತ್ರಕ್ಕೆ ತಿಳಿಸಿದರೆ ಅದು ಸರದಿ ಮುದ್ರಿಸಿ ಕೊಡುತ್ತದೆ. ತಿಳಿಸುವುದು ರಾಮಸ್ವಾಮಿಯ ಕೆಲಸ. ರಾಮಸ್ವಾಮಿಗೆ ತಿಳಿಸುವುದು ಯಾರ ಕೆಲಸ?

"ಷಡಕ್ಷರಿಯವರೇ, ನೀವು ಕನ್ನಡ ಬಿ.ಎ. ಅಲ್ವೇ?" ಎಂದರು ಎಂಜಿನಿಯರು. ಇಪ್ಪತ್ತು ವರ್ಷದಿಂದ ಆ ಪದವಿಯನ್ನು ಯಾರೂ ವಿಚಾರಿಸಿರಲಿಲ್ಲ. ವಿಚಾರಿಸಿದ ದಿನವೇ ಕೆಲಸ ಹಚ್ಚಿದರು. ಎಂದಿನ ಚಟದಂತೆ ಎರಡು ಸಾಲು ಕಟ್ಟಿದೆ:

ಆಫೀಸಿಗೆ ಬರುವುದಂತೆ ಕಂಪ್ಯೂಟರು,
ಕುರ್ಚಿಗೆ ಉಳಿದಿರುವ ಕಾಲು ಮೂರು.

೬ ಫೆಬ್ರವರಿ, ಶುಕ್ರವಾರ

ಮೊದಲ ಮುದ್ರಣ ಬಂತು. ಲಕ್ಕವಳ್ಳಿ ಕಡೆಯ ಒಂದು ಕಿರುನಾಲೆಯ ಸರದಿ. ನೋಡಲು ಅಂದವಾಗಿತ್ತು. ನೀರುಗಂಟಿ ಈರಪ್ಪನ ಗದ್ದೆಯೇ ಅದರಲ್ಲಿ ಇರಲಿಲ್ಲ.

ರಾಮಸ್ವಾಮಿ ಒಂದು ಕಟ್ಟಳೆ ಮಾಡಿದ್ದ: ಮನುಷ್ಯ ಒಂದೋ ನೀರು ಬಿಡುವವನು, ಇಲ್ಲವೇ ನೀರು ಪಡೆಯುವವನು. ಈರಪ್ಪ ಬಿಡುವವನು. ಯಂತ್ರ ಅವನ ಗದ್ದೆಯನ್ನು ಅಧಿಕಪ್ರಸಂಗವೆಂದು ತೆಗೆದುಹಾಕಿದೆ. ಈರಪ್ಪ ಮಾತಿನವನಲ್ಲ. ಅವನ ಹೆಂಡತಿ ಕೆಂಚಮ್ಮ ಆ ಕೊರತೆ ತುಂಬಿಕೊಡುತ್ತಾಳೆ.

"ಏನ್ ಸ್ವಾಮೀ, ನಮ್ ಗದ್ದೆ ಎಲ್ಲಿ ಎತ್ತಿಟ್ರಿ?"

"ನಿಮ್ಮ ಯಜಮಾನ್ರು ನೀರು ಬಿಡೋರಲ್ವೇನಮ್ಮಾ" ಎಂದ ರಾಮಸ್ವಾಮಿ.

"ಬಿಡೋನು ಉಣ್ಣಲ್ವಾ?"

"ಸರಿ, ಒಂದು ಉಪಾಯ ಮಾಡ್ತೀನಿ. ನೀರು ಬಿಡೋ ಈರಪ್ಪ ಬೇರೆ, ಗದ್ದೆ ಇರೋ ಈರಪ್ಪ ಬೇರೆ ಅಂತ ಎರಡು ಹೆಸರು ಹಾಕ್ತೀನಿ."

"ಒಬ್ಬನ ಕೈಲೇ ಏಗಕ್ಕಾಗ್ತಿಲ್ಲ ಸ್ವಾಮಿ, ಇಬ್ರು ಗಂಡಂದ್ರನ್ನ ಕಟ್ಕಂಡು ನಾನೇನ್ ಮಾಡ್ಲಿ?"

ಕಚೇರಿಯೆಲ್ಲ ನಕ್ಕಿತು. ಈರಪ್ಪನೂ ನಕ್ಕ, ಆದರೆ ಇಬ್ಬರೂ ಈರಪ್ಪಂದಿರ ಮುಖದಲ್ಲಿ ಕಳವಳವಿತ್ತು.

ಸಂಜೆ ರಾಮಸ್ವಾಮಿಯನ್ನು ತೂಬಿನ ಬಳಿಗೆ ಕರೆದುಕೊಂಡು ಹೋದೆ. ಈರಪ್ಪ ತೂಬಿನ ಮೇಲೆ ಕೂತಿದ್ದ. ಕೆಂಚಮ್ಮ ಬಂದಳು, ಸೆರಗು ಸರಿಮಾಡಿಕೊಂಡು ದೂರದಲ್ಲೇ ನಿಂತಳು.

"ನೀರುಗಂಟಪ್ಪಾರೇ, ನಾಳೆ ನಮ್ ಸರದಿ ಐತಂತೆ. ನಮ್ಮನೆಯೋರು ಕೇಳ್ಕಂಡ್ ಬಾ ಅಂದ್ರು."

"ನಿಮ್ ಯಜಮಾನ್ರೇ ಬರ್ಬೋದಾಗಿತ್ತು."

"ಅವ್ರಿಗೆ ಪುರಸೊತ್ತಿಲ್ಲ. ಎಲ್ಲೋ ತೂಬು ಕಾಯ್ತಾ ಕೂತವ್ರಂತೆ."

ಗಂಡ ಹೆಂಡಿರ ಜಗಳವೆಂದು ರಾಮಸ್ವಾಮಿ ಹಿಂದೆ ಸರಿದ. ಜಗಳವಲ್ಲ, ಪದ್ಧತಿ. ತೂಬಿನ ಮೇಲೆ ಇರುವಷ್ಟು ಹೊತ್ತು ನೀರುಗಂಟಿ ತನ್ನ ಗದ್ದೆಯ ಸುದ್ದಿ ಎತ್ತುವಂತಿಲ್ಲ. ಮನೆಯವರು ಬೇರೆಯವರಂತೆ ಬಂದು, ನಾಲ್ಕು ಜನರ ಕಿವಿಗೆ ಬೀಳುವಂತೆ ಕೇಳಬೇಕು. ಅವನಪ್ಪನ ಕಾಲದಿಂದಲೂ ಹೀಗೆ. ಕೆಂಚಮ್ಮ ಅದಕ್ಕೆ ತನ್ನ ಒಗ್ಗರಣೆ ಸೇರಿಸಿದ್ದಾಳೆ, ಅಷ್ಟೆ.

ಹಿಂದಿರುಗುವಾಗ ಬಸ್ಸಿನ ಟಿಕೆಟಿನ ಹಿಂಬದಿಯಲ್ಲಿ ರಾಮಸ್ವಾಮಿ ಚಿತ್ರ ಬರೆದ. ಈರಪ್ಪನಿಗೊಂದು ವೃತ್ತ. ಅದಕ್ಕೆ ಅಂಟಿಕೊಂಡಂತೆ ಎರಡು ಚೌಕ: ನೀರುಗಂಟಿ, ಗದ್ದೆಯವನು. ಒಂದೊಂದು ಚೌಕದ ಸುತ್ತ ಒಂದೊಂದು ಬೇಲಿ: ಒಂದು ತೂಬಿನದು, ಇನ್ನೊಂದು ಗದ್ದೆಯದು. ಮನುಷ್ಯ ಬೇರೆ, ಅವನ ಪಾತ್ರ ಬೇರೆ, ಪಾತ್ರ ನಡೆಯುವ ಸಂದರ್ಭ ಬೇರೆ. ಬೇಲಿಯೊಳಗೆ ಬಂದಾಗ ಪಾತ್ರ ಹತ್ತಿಕೊಳ್ಳುತ್ತದೆ, ದಾಟಿದಾಗ ಕಳಚಿಕೊಳ್ಳುತ್ತದೆ, ವೃತ್ತ ಮಾತ್ರ ಹಾಗೇ ಉಳಿಯುತ್ತದೆ. ಹೊರದೇಶಗಳಲ್ಲಿ ಸುಮಾರು ಹತ್ತು ವರ್ಷದಿಂದ ಹೀಗೆ ಯೋಚಿಸುತ್ತಿದ್ದಾರೆ, ತನ್ನ ಮೇಷ್ಟ್ರು ಪಾಠದಲ್ಲಿ ಹೇಳಿದ್ದರು, ಆದರೆ ಇದನ್ನು ಬರೆಯುವ ಪಕ್ಕಾ ಭಾಷೆ ಇನ್ನೂ ಯಾರ ಕೈಲೂ ಇಲ್ಲ ಎಂದ.

"ನಾವೇ ಒಂದು ಮಾಡ್ಕೊಳ್ಳೋಣ ಸಾರ್."

ಅಕ್ಷರವಿಲ್ಲದ ಭಾಷೆ, ಕನ್ನಡ ಬಿ.ಎ.ಗೆ ಕೆಲಸ. ಒಪ್ಪಿದೆ.

೧೫ ಫೆಬ್ರವರಿ, ಭಾನುವಾರ

ರಾಮಸ್ವಾಮಿ ಊಟಕ್ಕೆ ಬಂದಿದ್ದ. ಹೋಟೆಲ್ ಸಾರು ಅವನ ಹೊಟ್ಟೆ ಕೆಡಿಸಿದೆ. ಒಬ್ಬನಲ್ಲಿ ಒಟ್ಟಿಗೆ ಇರಬಾರದ ಪಾತ್ರಗಳೂ ಇರುತ್ತವಲ್ಲ, ಅದಕ್ಕೆ ಏನು ಗುರುತು ಹಾಕೋಣ ಎಂದು ಕೇಳಿದ. ನನಗೆ ಎಪ್ಪತ್ತೊಂದರ ಅಜ್ಜಂಪುರ ನೆನಪಾಯಿತು.

ಆಗ ನಾನು ಅಲ್ಲಿ ಗುಮಾಸ್ತ. ಹವ್ಯಾಸಿ ನಾಟಕದಲ್ಲಿ ರಾಜನ ಪಾತ್ರ. ದೂತನಾಗಬೇಕಿದ್ದವನಿಗೆ ಸಿಡುಬೆದ್ದಿತು. "ದೂತನೂ ನೀನೇ ಆಗು ಮಾರಾಯ, ಎರಡೇ ಮಾತು" ಎಂದರು ನಾಟಕ ಕಲಿಸುವವರು. ಆ ಎರಡು ಮಾತು ಯಾರ ಮುಂದೆ ಆಡಬೇಕೆಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ರಂಗದ ಮೇಲೆ ಹೋದ ಮೇಲೆ ಹೊಳೆಯಿತು. ಕಿರೀಟವನ್ನು ಸಿಂಹಾಸನದ ಮೇಲಿಟ್ಟು ಒಳಗೋಡಿ, ಈಟಿ ಹಿಡಿದು ಬಂದು, ಕಿರೀಟಕ್ಕೆ ಬಾಗಿ, "ಪ್ರಭೂ, ಶತ್ರುಗಳು ಕೋಟೆ ಮುತ್ತಿದ್ದಾರೆ" ಎಂದೆ. ಕಿರೀಟ ಮಾತಾಡಲಿಲ್ಲ. ಉತ್ತರ ಕೊಡಬೇಕಾದವನೂ ನಾನೇ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಂದು ದನಿ:

"ಪ್ರಭುಗಳು ಒಳಗೆ ಮೀಸೆ ಬದಲಾಯಿಸ್ತಾವ್ರೆ, ಸ್ವಲ್ಪ ತಾಳಪ್ಪಾ!"

ಪೆಟ್ರೋಮ್ಯಾಕ್ಸ್ ದೀಪಗಳು ಕೂಡ ನಕ್ಕ ಹಾಗಿತ್ತು. ಆ ದನಿ ಶಂಕರಿಯದು. ಮರುವರ್ಷ ಮದುವೆಯಾದೆವು. ನಾನು ಏನಾದರೂ ದೊಡ್ಡಸ್ತಿಕೆ ತೋರಿಸಿದಾಗಲೆಲ್ಲ "ಮೀಸೆ ಬದಲಾಯಿಸ್ಕೊಂಡ್ ಬನ್ನಿ" ಎನ್ನುತ್ತಿದ್ದಳು.

ಬಾಗಿಲ ಮರೆಯಿಂದ ದನಿ ಬಂತು. "ಕಂಬಣ್ಣಾ, ಆವತ್ತು ಅವಳ ಪಕ್ಕ ಕೂತು ತೊಡೆ ಚಿವುಟಿ ಬಾಯಿ ಮುಚ್ಚಿಸಿದ್ದು ಯಾರು ಅಂತ ಕೇಳು."

ಅತ್ತೆ ಆ ನಾಟಕ ನೋಡಿದ್ದರೆಂದೇ ನನಗೆ ಇಷ್ಟು ದಿನ ಗೊತ್ತಿರಲಿಲ್ಲ.

ರಾಮಸ್ವಾಮಿ ಎರಡು ಚೌಕಗಳ ನಡುವೆ ಗೋಡೆಯಂತೆ ದಪ್ಪ ಗೆರೆ ಎಳೆದು, ರಾಜ, ದೂತ ಎಂದು ಬರೆದುಕೊಂಡ. ಎರಡನೇ ಸಲ ಸಾರು ಹಾಕಿಸಿಕೊಂಡ.

೧೮ ಫೆಬ್ರವರಿ, ಬುಧವಾರ

ಬೆಳಗ್ಗೆ ಶೂ ಹಾಕುತ್ತಾ ಒಂದು ಸಾಲು ಬಂತು, ಗಟ್ಟಿಯಾಗಿಯೇ ಅಂದುಕೊಂಡೆ. "ಇದ್ದಾಗ ದಿನಕ್ಕೊಂದು ತಕರಾರು." ಎರಡನೆಯದು ಬರಲಿಲ್ಲ. ಲೇಸು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಅಡುಗೆಮನೆಯಿಂದ ಅತ್ತೆ ಹೇಳಿದರು:

"ಹೋದ್ಮೇಲೆ ಗೊತ್ತಾಯ್ತು ಇದ್ದೋರು ಯಾರು."

ಮಾತ್ರೆ ಒಂದೆರಡು ಹೆಚ್ಚಾಗಿದೆ. ಪ್ರಾಸ ಸರಿಯಾಗಿದೆ.

೨೭ ಫೆಬ್ರವರಿ, ಶುಕ್ರವಾರ

ಆಫೀಸಿಗೆ ತಡವಾಯಿತು. ಅತ್ತೆ ಅಕ್ಕಿ ಆರಿಸುತ್ತಾ ಎದುರಿಗೆ ಕೂತು ಶಂಕರಿಯ ಸಣ್ಣಂದಿನ ಕಥೆ ತೆಗೆದಿದ್ದರು. ಅಜ್ಜಂಪುರದಲ್ಲಿ ಅಮೃತಮಹಲ್ ಹೋರಿಗಳ ಹರಾಜಿಗೆ ಅಪ್ಪನ ಜೊತೆ ಹೋಗಿ, "ಅದು ನನ್ನೇ ನೋಡ್ತು" ಎಂದು ಹಟ ಮಾಡಿ ಒಂದು ಹೋರಿಗರು ತೆಗೆಸಿಕೊಂಡಳಂತೆ. ಅದು ಹಗ್ಗ ಹರಿದುಕೊಂಡು ತಾನು ಮೇಯುತ್ತಿದ್ದ ಹುಲ್ಲಿನ ಕಾವಲಿನ ಕಡೆಗೆ ವಾಪಸು ಹೊರಟಿತು. ಅದರ ಹಿಂದೆ ಇವಳು.

"ಸಂಜೆಗಂಟ ಹುಡುಕಿದ್ವಿ. ಒಂದು ಜಾಲಿ ಮರದಡಿ ಇಬ್ರೂ ಮಲಗಿದ್ರು. ಬಾರೇ ಮನೆಗೆ ಅಂದ್ರೆ, ಅದಕ್ಕೆ ಅವ್ವನ ನೆನಪಾಗೈತೆ, ನಾನ್ ಬಿಟ್ಟು ಬರಲ್ಲ ಅಂದ್ಲು. ನಾನೂ ಅವ್ವನೇ ಅಲ್ವೇನೇ ಅಂದೆ. ನೀನು ನಂದು, ಅದರದ್ದಲ್ಲ ಅಂದ್ಲು."

ನನಗೆ ಈ ಕಥೆಯನ್ನು ಶಂಕರಿ ಹೇಳಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿಲ್ಲದ ಶಂಕರಿಯರು ಇನ್ನೂ ಎಷ್ಟು ಜನ ಇದ್ದಾರೋ.

ಸಂಜೆ ಬರುತ್ತಾ ಅತ್ತೆಗೆ ಎಲೆಯಡಿಕೆ ತಂದೆ. ಎಲೆ ಬಲಿತಿದೆ ಎಂದು ಬೈದರು.

೧೨ ಮಾರ್ಚ್, ಗುರುವಾರ

ಕಚೇರಿಯಲ್ಲಿ ಕೂಗಾಡಿದೆ. ನನ್ನ ಸ್ವಭಾವವಲ್ಲ.

ನಡೆದದ್ದು ಇಷ್ಟು. ಕರಿಬಸಮ್ಮ ಎಂಬಾಕೆಯ ಗಂಡ ಹಾಸಿಗೆ ಹಿಡಿದಿದ್ದ, ಅವನ ಪರವಾಗಿ ಆಕೆಯೇ ಬಂದು ನೀರು ಕೇಳುತ್ತಿದ್ದಳು, ನಾಲೆಯ ಕೆಲಸಕ್ಕೂ ಬರುತ್ತಿದ್ದಳು. ಹೋದ ವಾರ ಗಂಡ ತೀರಿಕೊಂಡ. ಅವನ ಹೆಸರು ತೆಗೆದ ಕೂಡಲೇ ಯಂತ್ರ ಆಕೆಯನ್ನೂ ತೆಗೆದುಬಿಟ್ಟಿದೆ. ಪೈರು ಹೊಡೆಯಲ್ಲಿದೆ, ತೆನೆ ಹೊರಡುವ ಈ ಹೊತ್ತಲ್ಲಿ ನೀರು ತಪ್ಪುವಂತಿಲ್ಲ.

"ಲಾಜಿಕ್ ಸಾರ್" ಎಂದ ರಾಮಸ್ವಾಮಿ. "ಆಕೆಯ ಪಾತ್ರ ಗಂಡನನ್ನ ಹಿಡ್ಕೊಂಡು ನಿಂತಿತ್ತು. ಹಿಡ್ಕೊಂಡಿದ್ದೇ ಹೋದ್ರೆ ಪಾತ್ರಾನೂ ತಾನಾಗಿ ಹೋಗುತ್ತೆ. ಇಲ್ಲಾಂದ್ರೆ ಗಾಳೀಲಿ ನೇತಾಡುತ್ತಲ್ಲ?"

"ನೇತಾಡ್ಲಿ ಬಿಡ್ರೀ! ಆ ಹೆಂಗಸು ಇಷ್ಟು ದಿನ ಮಾಡಿದ್ದು ಏನಾಯ್ತು? ಅದನ್ನ ಯಾರ್ ತಾನೆ ಹೊಡೆದು ಹಾಕೋಕಾಗುತ್ತೆ?"

"ಮತ್ತೆ ಯಂತ್ರ ಏನ್ ಮಾಡ್ಬೇಕು ಸಾರ್?"

"ನಿಲ್ಲಬೇಕು. ತಾನಾಗಿ ಏನೂ ಮಾಡ್ಬಾರ್ದು. ಕೇಳಬೇಕು."

"ಯಾರನ್ನ? ಹೋದೋರನ್ನ?"

"ಉಳಿದೋರನ್ನ!"

ಟೈಪಿಸ್ಟ್ ಅಂಬಮ್ಮ ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ರಾಮಸ್ವಾಮಿ ಮೆಲ್ಲಗೆ, ಮೇಷ್ಟ್ರ ಮುಂದೆ ಬರೆದುಕೊಳ್ಳುವಂತೆ, ಬರೆದುಕೊಂಡ. ಅಂಥ ಚೌಕಕ್ಕೆ ಚುಕ್ಕಿಗಳ ಗೆರೆ ಹಾಕುವುದೆಂದು ತೀರ್ಮಾನವಾಯಿತು: ಹಿಡಿತ ಹೋಗಿದೆ, ಪಾತ್ರ ಹೋಗಿಲ್ಲ, ಕೇಳಿ ಮುಂದುವರಿಸಿ. ಕರಿಬಸಮ್ಮನಿಗೆ ಅಲ್ಲಿಯವರೆಗೆ ಕೈಬರಹದಲ್ಲೇ ಸರದಿ ಬರೆದುಕೊಟ್ಟೆ.

ಅಷ್ಟು ಕೂಗಬೇಕಾಗಿರಲಿಲ್ಲ. ಬಿಸಿಲು ಜಾಸ್ತಿಯಾಗಿದೆ.

೨೨ ಮಾರ್ಚ್, ಭಾನುವಾರ

ಕಾರ್ಯಕ್ಕೆ ತೆಂಗಿನಕಾಯಿ ತರೋಣವೆಂದು ಕಡೂರಿಗೆ ಹೋಗಿದ್ದೆ. ತೆಂಗಿನಕಾಯಿ ತರೀಕೆರೆಯಲ್ಲೂ ಸಿಗುತ್ತದೆ.

ತೀರ್ಥಪ್ಪನ ಮಂಡಿಯಲ್ಲಿ ಕೂತೆ. ಕೊಬ್ಬರಿಯ ಸಿಹಿ ವಾಸನೆ. ಮದುವೆಯಾದ ಹೊಸದರಲ್ಲಿ ಶಂಕರಿ ಈ ಮಂಡಿಗೆ ಬಂದಾಗಲೆಲ್ಲ ಒಂದು ಚೂರು ಬಾಯಿಗೆ ಹಾಕಿಕೊಂಡು ರೈಲು ಹತ್ತುತ್ತಿದ್ದಳು, ಬೀರೂರು ದಾಟುವವರೆಗೂ ಅಗಿಯುತ್ತಿದ್ದಳು. ಅತ್ತೆಯ ವಿಷಯ ಎತ್ತಿದೆ. ಅಷ್ಟು ಅವಸರ ಏನಿದೆ, ಬೇಸಿಗೆ ಕಳೆಯಲಿ, ಹೀಗೆ ಏನೇನೋ ಅಂದೆ.

"ಭಾವ, ನನಗೂ ಆಕೆ ಅತ್ತೆ, ನಿಮಗೂ ಅತ್ತೆ. ನಂದು ರಕ್ತದ್ದು, ನಿಮ್ಮದು ತಾಳೀದು. ತಾಳಿ ಮಣ್ಣಾಯ್ತಲ್ಲ. ಇನ್ನು ಯಾವ ಹಕ್ಕಿನಿಂದ ಇಟ್ಕೊಳ್ತೀರಿ, ಯಾವ ಹಕ್ಕಿನಿಂದ ಅವಳಿರ್ತಾಳೆ? ನಾಳೆ ನೀವು ಇನ್ನೊಂದು ಮದುವೆ ಆದ್ರೆ ಆಯಮ್ಮ ಎಲ್ಲಿಗೆ ಹೋಗ್ಬೇಕು?"

"ಈ ವಯಸ್ಸಲ್ಲಿ ನನಗ್ಯಾರಪ್ಪ ಹೆಣ್ಣು ಕೊಡ್ತಾರೆ?"

"ಸರ್ಕಾರಿ ನೌಕರಿಗೆ ವಯಸ್ಸೆಲ್ಲಿ ಭಾವ!"

ಆಮೇಲೆ ಒಳಗೆ ಕರೆದುಕೊಂಡು ಹೋಗಿ ಅತ್ತೆಗೆಂದು ಸುಣ್ಣ ಬಳಿಸಿದ ಕೋಣೆ ತೋರಿಸಿದ. ಕಿಟಕಿ ದೊಡ್ಡದಾಗಿದೆ. ಅವನ ಹೆಂಡತಿ ಪೂಜೆಗೆ ಒಂದು ಗೂಡನ್ನೂ ಮಾಡಿಸಿದ್ದಾಳೆ. ಜಗಳವಾಡೋಣವೆಂದರೆ ಒಳ್ಳೆಯ ಮನುಷ್ಯ. ಇದೊಂದು ಕಷ್ಟ.

ಕಾಯಿ ತರುವುದು ಮರೆತೆ.

೩೦ ಮಾರ್ಚ್, ಸೋಮವಾರ

ಯುಗಾದಿ. ಬೇವು ಮಾತ್ರ. ಪ್ರಾಸ ಬರಲಿಲ್ಲ.

೨ ಏಪ್ರಿಲ್, ಗುರುವಾರ

ಶಿವಮೊಗ್ಗದಿಂದ ಸರಿಯಾದ ಮುದ್ರಣ ಬಂತು. ಈರಪ್ಪ ತೂಬಿನಲ್ಲೂ ಇದ್ದಾನೆ, ಗದ್ದೆಯಲ್ಲೂ ಇದ್ದಾನೆ, ಕೆಂಚಮ್ಮನಿಗೆ ಗಂಡ ಒಬ್ಬನೇ. ಕರಿಬಸಮ್ಮನ ಹೆಸರಿನ ಮುಂದೆ ಯಂತ್ರ ಒಂದು ಪ್ರಶ್ನೆ ಮುದ್ರಿಸಿ ಉತ್ತರಕ್ಕೆ ಜಾಗ ಬಿಟ್ಟಿತ್ತು. ಆಕೆ ಹೆಬ್ಬೆಟ್ಟು ಒತ್ತಿ, "ನೀರು ನಂಗೇ ಬಿಡ್ರಪ್ಪಾ" ಎಂದು ಹೋದಳು. ಎಂಜಿನಿಯರು ಇದು ತಮ್ಮ ಯೋಜನೆ ಎಂದರು. ರಾಮಸ್ವಾಮಿ ನನ್ನ ಕಡೆ ನೋಡಿ ನಕ್ಕ.

ಮನೆಗೆ ಬಂದು ಕೂತು ನನ್ನದೇ ಒಂದು ವೃತ್ತ ಬರೆದೆ. ಅದಕ್ಕೆ ಗುಮಾಸ್ತ ಎಂಬ ಚೌಕ. ಗ್ರಂಥಾಲಯದ ಸದಸ್ಯ. ಬಾಡಿಗೆದಾರ. ಗಂಡ ಎಂದು ಬರೆದು, ಸುತ್ತ ಯಾವ ಗೆರೆ ಹಾಕುವುದೆಂದು ತಿಳಿಯದೆ ಬಿಟ್ಟೆ. ಅಳಿಯ ಎಂಬ ಚೌಕವನ್ನು ಅಳಿಸೋಣವೆಂದು ರಬ್ಬರ್ ಹುಡುಕಿದೆ. ಸಿಕ್ಕಿತು. ಆದರೂ ಬಿಟ್ಟೆ.

"ಏನ್ ಗೀಚ್ತಾ ಇದೀರಿ?" ಎಂದರು ಅತ್ತೆ.

"ಆಫೀಸ್ ಕೆಲಸ" ಎಂದೆ.

ಭಾನುವಾರ ಕಾರ್ಯಕ್ಕೆ ಬರುವ ತೀರ್ಥಪ್ಪನಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೇನೆ. ಕೆಲವು ಕಾರಣಗಳು ಸಿದ್ಧವಾಗಿವೆ. ಒಂದು, ಕಡೂರಿನ ನೀರು ಅತ್ತೆಯ ಮೊಣಕಾಲಿಗೆ ಆಗದು. ಎರಡು, ನನಗೆ ಅಡುಗೆ ಬಾರದು. ಎರಡೂ ಬಡ ಕಾರಣಗಳು. ನಾಳೆ ಇನ್ನೊಂದು ಹುಡುಕುತ್ತೇನೆ.

೫ ಏಪ್ರಿಲ್, ಭಾನುವಾರ

ವರ್ಷದ ಕಾರ್ಯ ಮುಗಿಯಿತು. ಪೂಜೆ ನಡೆಸಿದ ಅಯ್ಯನವರು ಪ್ರಸಾದ ಸ್ವೀಕರಿಸಿ ಹರಸಿ ಹೋದರು. ತೀರ್ಥಪ್ಪ ಕಾರು ಮಾಡಿಕೊಂಡು ಬಂದಿದ್ದ. ಊಟವಾಗಿ ಹೊರಗೆ ಬಂದರೆ ಜಗುಲಿಯ ಮೇಲೆ ಅತ್ತೆಯ ಟ್ರಂಕು, ಬೀಗ ಹಾಕಿ ಸಿದ್ಧವಾಗಿತ್ತು. ಅದನ್ನು ನೋಡಿದ ಮೇಲೆ ನಾನು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಇನ್ನೊಂದು ತಿಂಗಳು ಇರ್ಲಿ ತೀರ್ಥಪ್ಪ" ಎಂದೆ.

"ಭಾವ, ನಾನು ಬಲವಂತ ಮಾಡ್ತಿಲ್ಲ. ಬರ್ತೀಯಾ ಅತ್ತೆ ಅಂತ ಕೇಳ್ದೆ. ಹೂಂ ಅಂದ್ಲು."

"ಹೂಂ ಅಂದ್ರಾ?"

"ಅಂದ್ಲು. ನೀವೇನಾದ್ರೂ ಕೇಳಿದ್ರಾ?"

ಇಲ್ಲ. ಕಡೂರಿಗೆ ಹೋಗಿ ಇವನನ್ನು ಕೇಳಿದ್ದೆ. ಅವರನ್ನು ಕೇಳಿರಲಿಲ್ಲ.

ಅತ್ತೆ ಒಳಗಿರುವಾಗ ಅಡುಗೆಮನೆಯ ಹೊಸ್ತಿಲನ್ನು ನಾನು ಎಂದೂ ದಾಟಿದವನಲ್ಲ. ದಾಟಿದೆ. ಅವರು ಅನ್ನದ ತಪ್ಪಲೆ ತೊಳೆಯುತ್ತಿದ್ದರು. ನಿಂತು ಕೇಳುವುದು ಸರಿಯಲ್ಲ ಎನ್ನಿಸಿ ಪಕ್ಕದಲ್ಲಿದ್ದ ಮಣೆಯ ಮೇಲೆ ಕೂತೆ.

"ಅತ್ತೆ, ಇಲ್ಲೇ ಇರ್ತೀರಾ?"

ಕೈ ನಿಂತಿತು. "ಯಾತಕ್ಕೆ?"

ಮೊಣಕಾಲು, ಅಡುಗೆ, ಬೇಸಿಗೆ. ಒಂದೂ ಬಾಯಿಗೆ ಬರಲಿಲ್ಲ.

"ಶಂಕರಿ ವಿಷಯ ಮಾತಾಡೋಕೆ ನನಗೆ ಇನ್ಯಾರೂ ಇಲ್ಲ" ಎಂದೆ.

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. ಕೈ ಒಣಗಿದ ಮೇಲೂ ಒರೆಸಿಕೊಂಡರು.

"ತೀರ್ಥ ಬಂದಾಗಲೆಲ್ಲ ಕೇಳ್ದ. ಈ ಮನೆಯೋರು ಬಾಯಿ ಬಿಡ್ಲಿ ಅಂತ ನಾನೂ ಕಾಯ್ದೆ. ಹೊತ್ತು ಹೊತ್ತಿಗೆ ಪದ ಕಟ್ಟೋ ಬಾಯಿಗೆ ಇಷ್ಟು ಕೇಳೋಕೆ ವರ್ಷ ತುಂಬಬೇಕಾಯ್ತಾ?"

ಎದ್ದು ಜಗುಲಿಗೆ ಬಂದರು. "ತೀರ್ಥಾ, ಗೌರಿ ಹಬ್ಬಕ್ಕೆ ಬತ್ತೀನಿ ಕಣಪ್ಪಾ. ಹಬ್ಬ ಮುಗಿಸ್ಕಂಡು ನೀನೇ ತಂದು ಬಿಡ್ಬೇಕು."

"ಅತ್ತೇ, ಜನ ಏನಂತಾರೆ?"

"ಜನಕ್ಕೆ ನನ್ನ ಮನೆ ಬಾಗ್ಲು ತೋರ್ಸು. ಬಂದು ನನ್ನೇ ಕೇಳ್ಲಿ."

ತೀರ್ಥಪ್ಪ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ. ಸುಣ್ಣ ಬಳಿಸಿದ ಕೋಣೆ ಅವನ ಮುಖದಲ್ಲಿ ಒಂದು ಕ್ಷಣ ಕಾಣಿಸಿತು. ಆಮೇಲೆ ಬಗ್ಗಿ ಸೋದರತ್ತೆಯ ಕಾಲು ಮುಟ್ಟಿ, ಬಾಳೆಹಣ್ಣಿನ ಚಿಪ್ಪು ಇಸಿದುಕೊಂಡು ಕಾರು ಹತ್ತಿದ.

ಟ್ರಂಕನ್ನು ಒಳಗಿಡಲು ಹೋದೆ. ಹಳೆಯ ಕಬ್ಬಿಣದ ಟ್ರಂಕು, ಭಾರವಿರುತ್ತದೆಂದು ಕಾಲು ಊರಿ ಎರಡೂ ಕೈಯಿಂದ ಬಲವಾಗಿ ಎತ್ತಿದೆ. ಹಿಂದಕ್ಕೆ ಬೀಳುವಂತಾಯಿತು.

ಒಳಗೆ ಏನೂ ಇರಲಿಲ್ಲ. ಬೀಗ ಮಾತ್ರ ಭದ್ರವಾಗಿ ಹಾಕಿತ್ತು.